ಮೂರು ಕಡೆ ಹಂಚಿಹೋದ ಮೈಲ್ಸ್, ನಾಲ್ವರ ಟೋಕಿಯೊ ಟಿಕೆಟ್: ಎಲ್ಲಿಂದ ಶುರು ಮಾಡಲಿ?

ಕಿಟಕಿ_ಸೀಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ವರ್ಷಕ್ಕೆ ಎರಡು ಸಲ ಆಫೀಸ್ ಕೆಲಸಕ್ಕೆ ಫ್ರಾಂಕ್‌ಫರ್ಟ್ (ಲುಫ್ತಾನ್ಸಾ), ಒಂದು ಸಲ ಸಿಂಗಾಪುರ, ನಡುನಡುವೆ ದೆಹಲಿಗೆ ಏರ್ ಇಂಡಿಯಾ. ಯಾವ ಕೌಂಟರಿನಲ್ಲಿ ಯಾವ ಏರ್‌ಲೈನಿನ ಸದಸ್ಯತ್ವ ಕಾರ್ಡ್ ಕೈಗೆ ಸಿಕ್ಕಿತೋ ಅದನ್ನೇ ಕೊಟ್ಟಿದ್ದರಿಂದ ನನ್ನ ಮೈಲ್ಸ್ (ಹಾರಿದ್ದಕ್ಕೆ ಏರ್‌ಲೈನ್ ಕೊಡುವ, ಮುಂದೆ ಟಿಕೆಟಿಗೆ ಬಳಸಬಹುದಾದ ಅಂಕ) ಈಗ ಹೀಗಿದೆ:

ಕ್ರಿಸ್‌ಫ್ಲೈಯರ್ (ಸಿಂಗಾಪುರ್ ಏರ್‌ಲೈನ್ಸಿನ ಮೈಲ್ಸ್ ಪ್ರೋಗ್ರಾಮ್): 31,000
ಮಹಾರಾಜ ಕ್ಲಬ್ (ಏರ್ ಇಂಡಿಯಾದ್ದು): 22,000 (ಅರ್ಧದಷ್ಟು ಹಳೆಯ ಕ್ಲಬ್ ವಿಸ್ತಾರದಿಂದ ಬಂದದ್ದು)
ಮೈಲ್ಸ್ ಅಂಡ್ ಮೋರ್ (ಲುಫ್ತಾನ್ಸಾದ್ದು): 14,000
ಕ್ರೆಡಿಟ್ ಕಾರ್ಡ್ ಪಾಯಿಂಟ್: 1,60,000. ನನ್ನ ಕಾರ್ಡಿಗೆ ಕ್ರಿಸ್‌ಫ್ಲೈಯರ್ ದರ 2 ಪಾಯಿಂಟಿಗೆ 1 ಮೈಲ್.

ಮುಂದಿನ ಬೇಸಿಗೆ ರಜೆಯಲ್ಲಿ ನಾವಿಬ್ಬರು ಮತ್ತು ಇಬ್ಬರು ಮಕ್ಕಳು (9 ವರ್ಷ, 5 ವರ್ಷ) ಸಿಂಗಾಪುರದಲ್ಲಿ ಮೂರು ದಿನ ಇದ್ದು ಟೋಕಿಯೊಗೆ ಹೋಗುವ ಯೋಚನೆ. ಕೇಳಬೇಕಿರುವುದು ಇಷ್ಟು. ಮೂರೂ ಏರ್‌ಲೈನ್ ಸ್ಟಾರ್ ಅಲಯನ್ಸ್ ಎಂಬ ಒಂದೇ ಕೂಟದವು ತಾನೆ, ಮೈಲ್ಸನ್ನು ಒಂದೇ ಕಡೆ ಸೇರಿಸಬಹುದೇ? ಕಾರ್ಡ್ ಪಾಯಿಂಟನ್ನೆಲ್ಲ ಈಗಲೇ ಕ್ರಿಸ್‌ಫ್ಲೈಯರ್‌ಗೆ ಹಾಕಿಬಿಡಲೇ, ಇಲ್ಲ ಬ್ಯಾಂಕ್ ಪಾಯಿಂಟಿಗೆ 50 ಪೈಸೆಯಂತೆ ಕೊಡುತ್ತಿರುವ ವೋಚರ್ ತಗೊಳ್ಳಲೇ? ಇನ್ನೊಂದು, ಮಾರ್ಚಿನ ಫ್ರಾಂಕ್‌ಫರ್ಟ್ ಪ್ರಯಾಣದ ಮೈಲ್ಸ್ ಎರಡು ತಿಂಗಳಾದರೂ ಎಲ್ಲೂ ಬಂದಿಲ್ಲ.

---

ಲೆಕ್ಕದ_ಪುಸ್ತಕ:

ಮೊದಲ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. ಅಲಯನ್ಸ್ ಅಂದರೆ ಒಬ್ಬರ ವಿಮಾನದಲ್ಲಿ ಹಾರಿ ಇನ್ನೊಬ್ಬರ ಖಾತೆಗೆ ಮೈಲ್ಸ್ ಹಾಕಿಸಿಕೊಳ್ಳಬಹುದು, ಒಬ್ಬರ ಮೈಲ್ಸ್ ಕೊಟ್ಟು ಇನ್ನೊಬ್ಬರ ವಿಮಾನದಲ್ಲಿ ಸೀಟು ಪಡೆಯಬಹುದು, ಅಷ್ಟೇ. ಒಮ್ಮೆ ಒಂದು ಖಾತೆಗೆ ಜಮಾ ಆದದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಯಾವ ಕಾರ್ಡ್ ಅನ್ನುವುದನ್ನು ಟಿಕೆಟ್ ಕೊಳ್ಳುವಾಗಲೇ ನಿರ್ಧರಿಸಬೇಕು. ಚೆಕ್‌ಇನ್ ಕೌಂಟರಿನ ಮುಂದೆ ಪರ್ಸ್ ತಡಕುತ್ತ ನಿರ್ಧರಿಸಿದರೆ ಹೀಗೇ ಮೂರು ಪಾಲಾಗುತ್ತದೆ.

ಎರಡನೆಯದು: ಈಗಲೇ ಕಳಿಸಬೇಡಿ. ಬ್ಯಾಂಕಿನಿಂದ ಏರ್‌ಲೈನಿಗೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ಬ್ಯಾಂಕಿನಲ್ಲಿ ಇರುವಷ್ಟು ದಿನ ಅದಕ್ಕೆ ಹತ್ತು ದಾರಿ, ಹೋದ ಮೇಲೆ ಒಂದೇ ದಾರಿ, ಮತ್ತು ಅವತ್ತಿನಿಂದಲೇ ವಾಯಿದೆ ಓಡಲು ಶುರು. ಸೀಟು ಕಣ್ಣಿಗೆ ಕಂಡ ಮೇಲೆ ಕಳಿಸಬೇಕು.

ಇದರಲ್ಲೂ ಒಂದು ತೊಡಕಿದೆ. ಕೆಲವು ಬ್ಯಾಂಕಿನ ವರ್ಗಾವಣೆ ನಿಮಿಷಗಳಲ್ಲಿ ಆಗುತ್ತದೆ, ಕೆಲವದಕ್ಕೆ ದಿನಗಟ್ಟಲೆ ಬೇಕು, ಅಷ್ಟರಲ್ಲಿ ಸೀಟು ಹೋಗಿರುತ್ತದೆ. ಹಾಗಾಗಿ ಈ ವಾರವೇ ಬ್ಯಾಂಕ್ ಒಪ್ಪುವ ಕನಿಷ್ಠ ಮೊತ್ತವನ್ನು ಮಾತ್ರ ಒಮ್ಮೆ ಕಳಿಸಿ ನೋಡಿ. ಎಷ್ಟು ಹೊತ್ತು ಹಿಡಿಯುತ್ತದೆ, ಎರಡೂ ಕಡೆ ಹೆಸರು ತಾಳೆಯಾಗುತ್ತದೆಯೇ, ಸದಸ್ಯತ್ವ ಸಂಖ್ಯೆ ಸರಿಯಾಗಿ ಹೊಡೆದಿದ್ದೀರಾ, ಎಲ್ಲ ಅಷ್ಟರಲ್ಲೇ ಗೊತ್ತಾಗುತ್ತದೆ. ಜೊತೆಗೆ ಕಾರ್ಡಿಗೆ ವರ್ಷಕ್ಕೆ ಅಥವಾ ತಿಂಗಳಿಗೆ ಇಷ್ಟೇ ಪಾಯಿಂಟ್ ಕಳಿಸಬಹುದು ಅನ್ನುವ ಮಿತಿ ಇದೆಯೇ ನೋಡಿ. ಬ್ಯಾಂಕ್ ಶುಲ್ಕ ಹಾಕಿದರೆ ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ.

ಇನ್ನು ವೋಚರ್. ಇದನ್ನು ಮನಸ್ಸಿನಲ್ಲಿ ಅಂದಾಜು ಮಾಡಬೇಡಿ, ಕಾಗದದ ಮೇಲೆ ಹಾಕಿ:

ಒಂದು ಮೈಲಿನ ಬೆಲೆ = (ಅದೇ ವಿಮಾನದ ಟಿಕೆಟ್ ದರ − ಮೈಲ್ಸ್ ಟಿಕೆಟಿಗೂ ಕೈಯಿಂದ ಕಟ್ಟುವ ತೆರಿಗೆ) ÷ (ಕೊಡುವ ಮೈಲ್ಸ್ + ದುಡ್ಡು ಕೊಟ್ಟು ಹೋಗಿದ್ದರೆ ಸಿಗುತ್ತಿದ್ದ ಮೈಲ್ಸ್)

ಕೊನೆಯ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೈಲ್ಸ್ ಕೊಟ್ಟು ಪಡೆದ ಟಿಕೆಟಿನಲ್ಲಿ ಹಾರಿದರೆ ಮೈಲ್ಸ್ ಸಿಗುವುದಿಲ್ಲ, ಅದೂ ಖರ್ಚೇ. ಬೆಂಗಳೂರು–ಸಿಂಗಾಪುರ ಸುಮಾರು 1,970 ಮೈಲಿ, ಸಿಂಗಾಪುರ–ಟೋಕಿಯೊ ಸುಮಾರು 3,330. ಹೋಗಿಬರಲು 10,600. ಅರ್ಧ ಮೈಲ್ಸ್ ಸಿಗುವ ದರದ ಟಿಕೆಟ್ ಆದರೆ 5,300 ಕಳೆದುಕೊಂಡಂತೆ.

ಮುಂದಿನ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ದರಪಟ್ಟಿ ಅಲ್ಲ. ಒಬ್ಬರ ಟಿಕೆಟ್ 58,000 ರೂ., ಮೈಲ್ಸ್ 60,000, ತೆರಿಗೆ 9,500 ಎಂದುಕೊಳ್ಳಿ. 48,500 ÷ 65,300 = 74 ಪೈಸೆ. ನಿಮ್ಮ ಕಾರ್ಡಿನಲ್ಲಿ 2ಕ್ಕೆ 1, ಅಂದರೆ ಪಾಯಿಂಟಿಗೆ ಬಿದ್ದದ್ದು 37 ಪೈಸೆ. ಇಲ್ಲಿ 50 ಪೈಸೆಯ ವೋಚರೇ ಗೆದ್ದಿತು! ಅದೇ ಟಿಕೆಟ್ ಮೇ ರಜೆಯಲ್ಲಿ 92,000ಕ್ಕೆ ಏರಿದ್ದು ಮೈಲ್ಸ್ ಮಾತ್ರ ಅಷ್ಟೇ ಇದ್ದರೆ 82,500 ÷ 65,300 = 1 ರೂ. 26 ಪೈಸೆ, ಪಾಯಿಂಟಿಗೆ 63. ಈಗ ಮೈಲ್ಸ್ ವಾಸಿ. ಟಿಕೆಟ್ ಅಗ್ಗವಿದ್ದಾಗ ದುಡ್ಡು, ದುಬಾರಿಯಾದಾಗ ಮೈಲ್ಸ್, ಲೆಕ್ಕ ಇಷ್ಟೇ.

ಬಿಸಿನೆಸ್ ಕ್ಲಾಸಿನಲ್ಲಿ ಇದೇ ಲೆಕ್ಕ ಒಂದೂವರೆ ಎರಡು ರೂಪಾಯಿಗೆ ಸುಲಭವಾಗಿ ಹೋಗುತ್ತದೆ, ಯೂಟ್ಯೂಬಿನವರು ಕುಣಿಯುವುದು ಅದಕ್ಕೇ. ಆದರೆ ಕೈಯಿಂದ 1,90,000 ಕೊಟ್ಟು ನೀವು ಯಾವತ್ತೂ ಆ ಸೀಟಿನಲ್ಲಿ ಕೂರುವವರಲ್ಲ ಅಂದಮೇಲೆ ಆ ದರದ ಮೇಲೆ ಉಳಿತಾಯ ಲೆಕ್ಕ ಹಾಕುವುದು ನಮ್ಮನ್ನು ನಾವೇ ನಂಬಿಸಿಕೊಳ್ಳುವುದು.

---

ಗೇಟ್_27:

ಮಾರ್ಚಿನ ಮೈಲ್ಸ್ ವಿಷಯ ಮೊದಲು ಮುಗಿಸಿ, ಅದಕ್ಕೆ ಗಡುವಿದೆ. ಕ್ರಿಸ್‌ಫ್ಲೈಯರ್ ಆಗಲಿ ಮೈಲ್ಸ್ ಅಂಡ್ ಮೋರ್ ಆಗಲಿ, ಹಾರಿದ ದಿನದಿಂದ ಆರು ತಿಂಗಳೊಳಗೆ ಕ್ಲೇಮ್ ಹಾಕಬೇಕು. ಸೆಪ್ಟೆಂಬರ್ ದಾಟಿದರೆ ಹೋಯಿತು.

ಇ-ಟಿಕೆಟಿನ ಪಿಡಿಎಫ್ ತೆರೆಯಿರಿ. ಆರು ಅಕ್ಷರದ ಪಿಎನ್‌ಆರ್ ಅಲ್ಲ, 13 ಅಂಕಿಯ ಟಿಕೆಟ್ ನಂಬರ್ ಹುಡುಕಿ. ಮೊದಲ ಮೂರು ಅಂಕಿ ಆ ಟಿಕೆಟನ್ನು ಯಾವ ಏರ್‌ಲೈನ್ ಹೊರಡಿಸಿದ್ದು ಎಂದು ಹೇಳುತ್ತವೆ: 220 ಇದ್ದರೆ ಲುಫ್ತಾನ್ಸಾ, 098 ಏರ್ ಇಂಡಿಯಾ, 618 ಸಿಂಗಾಪುರ್ ಏರ್‌ಲೈನ್ಸ್. ಇದು ಯಾಕೆ ಮುಖ್ಯ ಅಂದರೆ, ಲುಫ್ತಾನ್ಸಾ ಗುಂಪೇ ಹೊರಡಿಸಿದ ಟಿಕೆಟಿನಲ್ಲಿ ಅವರದೇ ವಿಮಾನ ಹತ್ತಿದರೆ ಮೈಲ್ಸ್ ಅಂಡ್ ಮೋರ್‌ನಲ್ಲಿ ನೀವು ಕೊಟ್ಟ ಯೂರೊ ಲೆಕ್ಕದಲ್ಲಿ ಮೈಲ್ಸ್ ಬರುತ್ತದೆ, 2018ರಿಂದ ಹಾಗೆ. ಅದೇ ಪ್ರಯಾಣವನ್ನು ಕ್ರಿಸ್‌ಫ್ಲೈಯರ್‌ಗೆ ಹಾಕಿದರೆ ದೂರ ಮತ್ತು ಬುಕಿಂಗ್ ಕ್ಲಾಸಿನ ಶೇಕಡಾವಾರು ಲೆಕ್ಕ.

ಬುಕಿಂಗ್ ಕ್ಲಾಸ್ ಅಂದರೆ ಎಕಾನಮಿಯೋ ಬಿಸಿನೆಸ್ಸೋ ಅನ್ನುವುದಲ್ಲ. ಟಿಕೆಟಿನಲ್ಲಿ ವಿಮಾನದ ನಂಬರಿನ ಪಕ್ಕ ಒಂಟಿಯಾಗಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಅದು. ಒಂದೇ ಸಾಲಿನಲ್ಲಿ ಕೂತ ಮೂವರದು ಮೂರು ಅಕ್ಷರ ಇರಬಹುದು. ಬೆಂಗಳೂರು–ಫ್ರಾಂಕ್‌ಫರ್ಟ್ ಸುಮಾರು 4,600 ಮೈಲಿ. ಪೂರ್ತಿ ಸಿಗುವ ಅಕ್ಷರವಾದರೆ ಒಂದು ದಿಕ್ಕಿಗೆ 4,600, ಕಾಲುಭಾಗ ಸಿಗುವ ಅಗ್ಗದ ಅಕ್ಷರವಾದರೆ 1,150. ಕೆಲವು ಅಕ್ಷರಕ್ಕೆ ಪಾಲುದಾರ ಏರ್‌ಲೈನಿನವರು ಸೊನ್ನೆ ಕೊಡುತ್ತಾರೆ. ಏಜೆನ್ಸಿಗಳು ಗುಂಪು ದರದಲ್ಲಿ ಕೊಡಿಸುವ ಟಿಕೆಟುಗಳಲ್ಲಿ ಇದು ಹೆಚ್ಚು. ಕ್ಲೇಮ್ ಹಾಕುವ ಮೊದಲು ನಿಮ್ಮ ಅಕ್ಷರಕ್ಕೆ ಎಷ್ಟು ಅಂತ ಆ ಪ್ರೋಗ್ರಾಮಿನ ಪಟ್ಟಿಯಲ್ಲಿ ನೋಡಿ, ಸೊನ್ನೆ ಇದ್ದರೆ ಜಗಳ ಕಾಯುವುದು ವ್ಯರ್ಥ.

ಆಫೀಸಿನ ಪೋರ್ಟಲಿನಲ್ಲಿ ಬುಕ್ ಆಗಿದ್ದರೆ ಸದಸ್ಯತ್ವ ಸಂಖ್ಯೆ ಟಿಕೆಟಿಗೆ ಹೋಗಿಯೇ ಇರುವುದಿಲ್ಲ, ಅದು ತೀರಾ ಸಾಮಾನ್ಯ. ಪೋರ್ಟಲಿನ ಪ್ರೊಫೈಲಿನಲ್ಲಿ ಒಮ್ಮೆ ತುಂಬಿಡಿ. ಬೋರ್ಡಿಂಗ್ ಪಾಸ್ ಕೈಗೆ ಬಂದ ತಕ್ಷಣ ಹೆಸರಿನ ಹತ್ತಿರ ಏರ್‌ಲೈನಿನ ಎರಡಕ್ಷರದ ಕೋಡ್ ಮತ್ತು ನಿಮ್ಮ ಸಂಖ್ಯೆ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ, ಅಥವಾ ಬೇರೆ ಏರ್‌ಲೈನಿನ ಸಂಖ್ಯೆ ಇದ್ದರೆ, ಕೌಂಟರಿನಲ್ಲೇ ಬದಲಿಸಿ ಹೊಸ ಪಾಸ್ ಕೊಡುತ್ತಾರೆ. ಗೇಟಿನಲ್ಲೂ ಕೇಳಬಹುದು.

ಈಗ ಹೆಸರು. ನಮ್ಮ ಕಡೆಯವರ ಅರ್ಧ ತಕರಾರು ಇಲ್ಲೇ ಹುಟ್ಟುವುದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಗಿವನ್ ನೇಮಿನಲ್ಲಿ ಹೆಸರು, ಊರು, ಅಪ್ಪನ ಹೆಸರು ಮೂರೂ. ಏರ್‌ಲೈನಿನ ವೆಬ್‌ಸೈಟ್ ಸರ್‌ನೇಮ್ ಇಲ್ಲದೆ ಮುಂದೆ ಬಿಡುವುದಿಲ್ಲ, ಹಾಗಾಗಿ ಒಬ್ಬರು ಅಪ್ಪನ ಹೆಸರನ್ನು ಅಲ್ಲಿಗೆ ತಳ್ಳುತ್ತಾರೆ, ಇನ್ನೊಬ್ಬರು ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಮೈಲ್ಸ್ ಖಾತೆಯನ್ನು ಮಾತ್ರ ಹತ್ತು ವರ್ಷದ ಹಿಂದೆ ಶಾಲೆಯ ಹಾಜರಿ ಪುಸ್ತಕದ ಹಾಗೆ 'ಸುಮಾ ಎಚ್. ಆರ್.' ಎಂದು ತೆರೆದಿರುತ್ತಾರೆ. ಟಿಕೆಟಿನ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗದಿದ್ದರೆ ಯಂತ್ರ ಸುಮ್ಮನೆ ತಿರಸ್ಕರಿಸುತ್ತದೆ, ನಿಮಗೆ ಸುದ್ದಿಯೂ ಬರುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ಕಳಿಸಿ ಖಾತೆಯ ಹೆಸರನ್ನು ಪಾಸ್‌ಪೋರ್ಟಿನಂತೆ ಇನಿಶಿಯಲ್ ಬಿಡಿಸಿ ತಿದ್ದಿಸಿ. ಸರ್‌ನೇಮ್ ಇಲ್ಲದವರು ಒಂದು ಪದ್ಧತಿ ಹಿಡಿದು ಟಿಕೆಟಿಗೂ ಖಾತೆಗೂ ಅದನ್ನೇ ಬಳಸಿ. ಟಿಕೆಟಿನಲ್ಲಿ ಹೆಸರಿನ ಬಾಲಕ್ಕೆ ಶ್ರೀ, ಶ್ರೀಮತಿ ಅನ್ನುವ ಅರ್ಥದ ಇಂಗ್ಲಿಷ್ ಅಕ್ಷರ ಅಂಟಿಕೊಂಡಿದ್ದರೆ ಗಾಬರಿ ಬೇಡ, ಅದು ಅವರ ಅಚ್ಚಿನ ರೂಢಿ.

ಕ್ಲೇಮಿಗೆ ಬೇಕಾದದ್ದು: ಟಿಕೆಟ್ ನಂಬರ್, ವಿಮಾನದ ನಂಬರ್, ತಾರೀಖು, ಬುಕಿಂಗ್ ಅಕ್ಷರ, ಸೀಟ್ ನಂಬರ್, ಬೋರ್ಡಿಂಗ್ ಪಾಸಿನ ಚಿತ್ರ. ಮೊಬೈಲ್ ಪಾಸ್ ವಿಮಾನ ಇಳಿದ ಸ್ವಲ್ಪ ದಿನಕ್ಕೆ ಆ್ಯಪಿನಿಂದ ಮಾಯವಾಗುತ್ತದೆ. ಹತ್ತುವ ಮುಂಚೆಯೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಮೈಲ್ಸ್ ಜಮಾ ಆಗುವವರೆಗೆ ಅಳಿಸಬೇಡಿ.

---

ಮಲೆನಾಡ_ಮೋಡ:

ಟೋಕಿಯೊ ಭಾಗಕ್ಕೆ ನಾನು ಬರುತ್ತೇನೆ.

31,000 ಇದೆ, ಕಾರ್ಡಿನಿಂದ 80,000 ಬರಬಹುದು. ಒಟ್ಟು 1,11,000. ನಾಲ್ವರು ಹೋಗಿಬರುವುದು ಅಂದರೆ ಎಂಟು ಒಂದುಕಡೆ ಟಿಕೆಟ್, ತಲಾ 14,000 ಕೂಡ ಬೀಳುವುದಿಲ್ಲ. ಬೆಂಗಳೂರು–ಟೋಕಿಯೊಗೆ ಅದು ಯಾವ ಲೆಕ್ಕದಲ್ಲೂ ಸಾಲದು. ಎರಡು ವರ್ಷದ ಒಳಗಿನ ಕೂಸನ್ನು ಬಿಟ್ಟರೆ ಮಕ್ಕಳಿಗೂ ದೊಡ್ಡವರಷ್ಟೇ ಮೈಲ್ಸ್. ಹಾಗಾಗಿ ನಾಲ್ವರಿಗೂ ಮೈಲ್ಸ್ ಅನ್ನುವ ಆಸೆ ಬಿಡಿ. ಇಬ್ಬರಿಗೆ ಮೈಲ್ಸ್, ಇಬ್ಬರಿಗೆ ದುಡ್ಡು, ಅದೇ ವಿಮಾನ.

ಹೋಗುವುದಕ್ಕೆ ಮೈಲ್ಸ್, ಬರುವುದಕ್ಕೆ ದುಡ್ಡು ಅಂತ ನಾಲ್ವರಿಗೂ ಅರ್ಧರ್ಧ ಮಾಡೋಣ ಅನ್ನಿಸುತ್ತದೆ. ಮೈಲ್ಸಿನಲ್ಲಿ ಒಂದುಕಡೆ ಟಿಕೆಟ್ ಸರಿಯಾಗಿ ಅರ್ಧ, ನಿಜ. ದುಡ್ಡಿನ ಟಿಕೆಟಿನಲ್ಲಿ ಹಾಗಲ್ಲ. ದೊಡ್ಡ ಏರ್‌ಲೈನುಗಳ ಒಂದುಕಡೆ ದರ ಎಷ್ಟೋ ಸಲ ಹೋಗಿಬರುವ ದರದ ಅರ್ಧಕ್ಕಿಂತ ಬಹಳ ಜಾಸ್ತಿ ಇರುತ್ತದೆ. ಎರಡನ್ನೂ ಹಾಕಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಕ್ರಿಸ್‌ಫ್ಲೈಯರ್‌ನಲ್ಲಿ ಅದೇ ಸೀಟಿಗೆ ಒಂದಕ್ಕಿಂತ ಹೆಚ್ಚು ದರ ಇರುತ್ತದೆ. ನಿಮಗೆ ಬೇಕಿರುವುದು ಸೇವರ್, ಅಂದರೆ ಕಡಿಮೆ ಮೈಲ್ಸಿನ ದರ. ಅಡ್ವಾಂಟೇಜ್ ಅಂದರೆ ಸೀಟು ಸುಲಭ, ಮೈಲ್ಸ್ ಜಾಸ್ತಿ. ಸೇವರಿನಲ್ಲಿ ಹೋಗಿಬರುವ ಟಿಕೆಟ್ ತಗೊಂಡರೆ ಒಂದು ಸ್ಟಾಪ್‌ಓವರ್ ಸೇರಿಕೊಂಡೇ ಬರುತ್ತದೆ. ನಡುದಾರಿಯ ಊರಿನಲ್ಲಿ ತಂಗುವುದು 24 ಗಂಟೆ ಮೀರಿದರೆ ಸ್ಟಾಪ್‌ಓವರ್, ಒಳಗಿದ್ದರೆ ಬರೀ ಟ್ರಾನ್ಸಿಟ್. ನಿಮ್ಮ ಮೂರು ದಿನದ ಸಿಂಗಾಪುರ ಅದರಲ್ಲೇ ಮುಗಿಯುತ್ತದೆ. ಬೆಂಗಳೂರು–ಸಿಂಗಾಪುರ, ಸಿಂಗಾಪುರ–ಟೋಕಿಯೊ ಅಂತ ಬಿಡಿಬಿಡಿಯಾಗಿ ಎರಡು ಟಿಕೆಟ್ ಮಾಡಿದರೆ ಮೈಲ್ಸ್ ಹೆಚ್ಚು ಹೋಗುತ್ತದೆ, ಒಂದೇ ಬುಕಿಂಗಿನಲ್ಲಿ ಸ್ಟಾಪ್‌ಓವರ್ ಸೇರಿಸಿ. ಹೊರಗೆ ಹೋಗಲು ಸಿಂಗಾಪುರದ ವೀಸಾ ನಾಲ್ವರಿಗೂ ಬೇಕು, ಜಪಾನಿನದು ಬೇರೆ.

ಸೀಟು ಹುಡುಕುವ ರೀತಿ. ನಾಲ್ಕು ಜನ ಅಂತ ಹಾಕಿ ಹುಡುಕಿದರೆ, ಮೂರೇ ಸೇವರ್ ಸೀಟು ಇದ್ದರೂ ಪರದೆಯ ಮೇಲೆ 'ಇಲ್ಲ' ಅಂತಲೇ ಬರುತ್ತದೆ. ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ. ಸುಮಾರು 355 ದಿನ ಮುಂಚೆ ಸೀಟು ತೆರೆಯುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲೇ ಸಾಲು ರಜೆ, ಗೋಲ್ಡನ್ ವೀಕ್ ಅನ್ನುತ್ತಾರೆ. ಆ ವಾರ ಬಿಟ್ಟು ಮೇ ಎರಡನೇ ವಾರಕ್ಕೆ ಸರಿಯಿರಿ, ಸೀಟೂ ಸಿಗುತ್ತದೆ, ಹೋಟೆಲೂ ಇಳಿಯುತ್ತದೆ. ಭಾನುವಾರ ಹೊರಡುವ ಹಟ ಬೇಡ. ಸೇವರ್ ಸೀಟು ಮುಗಿದಿದ್ದರೆ ವೇಯ್ಟ್‌ಲಿಸ್ಟ್ ಇದೆ, ಆದರೆ ನಾಲ್ಕು ಜನರ ಪ್ರವಾಸವನ್ನು ವೇಯ್ಟ್‌ಲಿಸ್ಟಿಗೆ ನೇತುಹಾಕಬಾರದು.

ನಿಮ್ಮ ಮೈಲ್ಸಿನಲ್ಲಿ ಮನೆಯವರಿಗೆ ಟಿಕೆಟ್ ಮಾಡಬೇಕಾದರೆ ಅವರ ಹೆಸರನ್ನು ರಿಡೆಂಪ್ಶನ್ ನಾಮಿನಿಯಾಗಿ ಮೊದಲೇ ಸೇರಿಸಿರಬೇಕು. ಐದು ಜನರಿಗೆ ಅವಕಾಶ. ಇಲ್ಲೂ ಪಾಸ್‌ಪೋರ್ಟಿನ ಹೆಸರೇ.

ತೆರಿಗೆ ಬಗ್ಗೆ ಒಂದು ಮಾತು. ಮೈಲ್ಸ್ ಟಿಕೆಟಿಗೂ ವಿಮಾನ ನಿಲ್ದಾಣದ ಶುಲ್ಕ, ಸರ್ಕಾರದ ತೆರಿಗೆ ಕಟ್ಟಲೇಬೇಕು, ಅದು ನ್ಯಾಯ. ಜೇಬು ಕತ್ತರಿಸುವುದು ಏರ್‌ಲೈನ್ ತಾನೇ ಹಾಕುವ ಸರ್‌ಚಾರ್ಜ್, ಬಿಲ್ಲಿನಲ್ಲಿ ವೈಕ್ಯೂ ಅಥವಾ ವೈಆರ್ ಎಂದಿರುತ್ತದೆ. ಸಿಂಗಾಪುರ್ ಏರ್‌ಲೈನ್ಸ್ ತನ್ನ ವಿಮಾನಗಳ ಮೈಲ್ಸ್ ಟಿಕೆಟಿಗೆ ಇದನ್ನು 2017ರಲ್ಲೇ ಕೈಬಿಟ್ಟಿತು. ಅದೇ ಕ್ರಿಸ್‌ಫ್ಲೈಯರ್ ಮೈಲ್ಸಿನಲ್ಲಿ ಲುಫ್ತಾನ್ಸಾ ಸೀಟು ತಗೊಂಡರೆ ಸರ್‌ಚಾರ್ಜ್ ಬೀಳುತ್ತದೆ. ಯುರೋಪಿಗೆ ಹೋಗುವಾಗ 'ಫ್ರೀ ಟಿಕೆಟ್' ಅಂದುಕೊಂಡು ಕೊನೆಯ ಪುಟದಲ್ಲಿ ಹೌಹಾರುವುದು ಇದಕ್ಕೇ. ಏರ್ ಕೆನಡಾದ ಮೈಲ್ಸ್ ಪ್ರೋಗ್ರಾಮ್ ಆದ ಏರೋಪ್ಲ್ಯಾನ್, ಪಾಲುದಾರರ ವಿಮಾನಕ್ಕೂ ಸರ್‌ಚಾರ್ಜ್ ಹಾಕುವುದಿಲ್ಲ, ಬದಲಿಗೆ 39 ಕೆನಡಾ ಡಾಲರ್ ಶುಲ್ಕ. ನಿಮ್ಮ ಬ್ಯಾಂಕಿನ ಪಟ್ಟಿಯಲ್ಲಿ ಅದಿದ್ದರೆ ಫ್ರಾಂಕ್‌ಫರ್ಟ್ ಕಡೆಗೆ ಅದನ್ನು ನೋಡಬಹುದು.

---

ಕಿಟಕಿ_ಸೀಟು:

ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ತೆರೆದು ನೋಡಿದೆ, 220ರಿಂದಲೇ ಶುರು, ಸದಸ್ಯತ್ವ ಸಂಖ್ಯೆ ಇರಬೇಕಾದ ಜಾಗ ಖಾಲಿ. ಕ್ಲೇಮ್ ಹಾಕುತ್ತೇನೆ.

ಮೇ ಎರಡನೇ ವಾರ, ಮಂಗಳವಾರ ಹೊರಡುವುದಕ್ಕೆ ಎರಡು ಸೇವರ್ ಸೀಟು ಕಾಣುತ್ತಿದೆ. ಹಾಗಾದರೆ ನನಗೂ ಹೆಂಡತಿಗೂ ಮೈಲ್ಸ್, ಮಕ್ಕಳಿಗೆ ದುಡ್ಡು ಕೊಟ್ಟು ಮಾಡಲೇ? ದುಡ್ಡಿನ ಟಿಕೆಟಿನಲ್ಲಿ ಮಕ್ಕಳಿಗೆ ರಿಯಾಯಿತಿ ಇದೆಯಲ್ಲ. ಮತ್ತೆ ಮೈಲ್ಸ್ ಕಡಿಮೆ ಬಿದ್ದರೆ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಮೈಲ್ಸ್ ಮಾರುವವರಿದ್ದಾರೆ, ಅರ್ಧ ಬೆಲೆ ಹೇಳುತ್ತಿದ್ದಾರೆ.

---

ಮಲೆನಾಡ_ಮೋಡ:

ಯೋಚನೆ ಸರಿಯಾಗಿದೆ. ಮೈಲ್ಸಿನಲ್ಲಿ ಮಕ್ಕಳಿಗೆ ರಿಯಾಯಿತಿ ಇಲ್ಲ, ದುಡ್ಡಿನಲ್ಲಿ 12 ವರ್ಷದೊಳಗಿನವರಿಗೆ ಮೂಲ ದರದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಇರುತ್ತದೆ. ಹಾಗಾಗಿ ದೊಡ್ಡವರಿಗೆ ಮೈಲ್ಸ್.

---

ಲೆಕ್ಕದ_ಪುಸ್ತಕ:

ಮೋಡದವರೇ, ಕಾಗದದ ಮೇಲೆ ಸರಿ, ಕೆಲಸಕ್ಕೆ ತೊಡಕು. 9 ಮತ್ತು 5 ವರ್ಷದವರು ಮಾತ್ರ ಇರುವ ಬುಕಿಂಗನ್ನು ವೆಬ್‌ಸೈಟ್ ಒಪ್ಪುವುದಿಲ್ಲ, ಜೊತೆಗೊಬ್ಬ ದೊಡ್ಡವರು ಬೇಕೇ ಬೇಕು. ಫೋನ್ ಮಾಡಿ ಮಾಡಿಸಬಹುದು, ಆದರೆ ವಿಮಾನದ ಸಮಯ ಬದಲಾದರೆ ಮಕ್ಕಳ ಬುಕಿಂಗ್ ಒಂದು ಕಡೆ, ತಂದೆತಾಯಿಯದು ಇನ್ನೊಂದು ಕಡೆ ಹೋಗುವ ಅಪಾಯ ಇದೆ. ಆ ರಿಯಾಯಿತಿಯಲ್ಲಿ ಉಳಿಯುವ ಕೆಲವು ಸಾವಿರಕ್ಕೆ ಅಷ್ಟು ತಲೆನೋವು ಬೇಡ.

ಒಬ್ಬ ದೊಡ್ಡವರು, ಒಂದು ಮಗು ಮೈಲ್ಸಿನಲ್ಲಿ. ಇನ್ನಿಬ್ಬರು ದುಡ್ಡಿನಲ್ಲಿ. ದುಡ್ಡಿನ ಟಿಕೆಟನ್ನು ಮಲ್ಟಿ-ಸಿಟಿಯಲ್ಲಿ ಅದೇ ದಿನ, ಅದೇ ವಿಮಾನಗಳಿಗೆ ಹುಡುಕಿ. ಎರಡೂ ಕೈಗೆ ಬಂದ ಮೇಲೆ ಏರ್‌ಲೈನಿಗೆ ಫೋನ್ ಮಾಡಿ ಎರಡು ಪಿಎನ್‌ಆರ್‌ಗಳನ್ನು ಒಂದಕ್ಕೊಂದು ಉಲ್ಲೇಖಿಸಿ ಟಿಪ್ಪಣಿ ಹಾಕಿಸಿ. ಸೀಟು ತಾನಾಗಿ ಅಕ್ಕಪಕ್ಕ ಬರುವುದಿಲ್ಲ, ಆರಿಸಬೇಕು.

ಕ್ರಮ ಹೀಗಿರಲಿ: ಮೈಲ್ಸ್ ಸೀಟು ಇದೆಯೇ ನೋಡಿ, ಅದೇ ವಿಮಾನದ ದುಡ್ಡಿನ ದರ ನೋಡಿ, ಪಾಯಿಂಟ್ ಕಳಿಸಿ, ಮೈಲ್ಸ್ ಟಿಕೆಟ್ ಮಾಡಿ, ಟಿಕೆಟ್ ನಂಬರ್ ಬಂದಮೇಲೆ ಅವತ್ತೇ ದುಡ್ಡಿನ ಟಿಕೆಟ್. ಪಿಎನ್‌ಆರ್ ಬಂದ ಮಾತ್ರಕ್ಕೆ ಟಿಕೆಟ್ ಆಯಿತು ಅಂತಲ್ಲ, 618ರಿಂದ ಶುರುವಾಗುವ 13 ಅಂಕಿ ಕಾಣಬೇಕು. ದುಡ್ಡಿನ ಟಿಕೆಟಿನಲ್ಲಿ ಲೈಟ್ ಅನ್ನುವ ಅತಿ ಅಗ್ಗದ ದರ ತಗೊಂಡರೆ ಮುಂದೆ ಮೈಲ್ಸ್ ಕೊಟ್ಟು ಅಪ್‌ಗ್ರೇಡ್ ಮಾಡಲಾಗುವುದಿಲ್ಲ, ತಾರೀಖು ಬದಲಿಸುವ ಶುಲ್ಕವನ್ನೂ ಓದಿಕೊಳ್ಳಿ.

---

ಹಳೇ_ಬೋರ್ಡಿಂಗ್‌ಪಾಸ್:

ಆ ವಾಟ್ಸ್ಆ್ಯಪ್ ಗುಂಪಿನಿಂದ ಇವತ್ತೇ ಹೊರಬನ್ನಿ. ಸದಸ್ಯರು ತಮ್ಮತಮ್ಮಲ್ಲೇ ಮೈಲ್ಸ್ ಕೊಳ್ಳುವುದು, ಮಾರುವುದು ಪ್ರೋಗ್ರಾಮುಗಳ ನಿಯಮಕ್ಕೇ ವಿರುದ್ಧ. ಮಾರುವವನು ನಿಮ್ಮನ್ನು ತನ್ನ ಖಾತೆಯಲ್ಲಿ ನಾಮಿನಿ ಮಾಡಿ ಟಿಕೆಟ್ ಕೊಡುತ್ತಾನೆ. ಆ ಖಾತೆ ಕದ್ದದ್ದಾಗಿದ್ದರೆ ಅಥವಾ ಏರ್‌ಲೈನಿಗೆ ಅನುಮಾನ ಬಂದರೆ ಟಿಕೆಟ್ ರದ್ದು, ಅದೂ ಬಹುತೇಕ ಹೊರಡುವ ದಿನ ಕೌಂಟರಿನಲ್ಲಿ ಗೊತ್ತಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಪ್ರಯಾಣದಲ್ಲಿ ಇದು ಬೇಕೇ? ಹಾಗೆಯೇ ವಿಮಾನ ನಿಲ್ದಾಣದಿಂದ ಬೋರ್ಡಿಂಗ್ ಪಾಸಿನ ಫೋಟೊ ಫೇಸ್‌ಬುಕ್ಕಿಗೆ ಹಾಕುವ ಚಟ ಇದ್ದರೆ ಬಿಡಿ. ಹೆಸರು ಮುಚ್ಚಿ ಬಾರ್‌ಕೋಡ್ ಬಿಟ್ಟರೆ ಪ್ರಯೋಜನವಿಲ್ಲ, ಹೆಸರು, ಪಿಎನ್‌ಆರ್, ಸದಸ್ಯತ್ವ ಸಂಖ್ಯೆ ಎಲ್ಲ ಆ ಬಾರ್‌ಕೋಡಿನೊಳಗೇ ಇರುತ್ತದೆ.

ವಾಯಿದೆ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಕ್ರಿಸ್‌ಫ್ಲೈಯರ್ ಮೈಲ್ಸ್ ಬಂದ ತಿಂಗಳಿನಿಂದ ಮೂರು ವರ್ಷಕ್ಕೆ ಸಾಯುತ್ತದೆ, ನಡುವೆ ಎಷ್ಟು ಸಲ ಹಾರಿದರೂ ಹಳೆಯ ಮೈಲ್ಸಿನ ಆಯುಷ್ಯ ಬೆಳೆಯುವುದಿಲ್ಲ. ಬ್ರಿಟಿಷ್ ಏರ್‌ವೇಸಿನ ಏವಿಯೋಸ್ ಬೇರೆ ಥರ, 36 ತಿಂಗಳಲ್ಲಿ ಒಂದು ಸಲ ಏನಾದರೂ ಬಂದರೆ ಅಥವಾ ಖರ್ಚಾದರೆ ಇಡೀ ಖಾತೆ ಉಳಿಯುತ್ತದೆ. ಎರಡು ರೀತಿಯನ್ನೂ ಒಂದೇ ಅಂದುಕೊಂಡು ಮೋಸ ಹೋಗುವವರು ಬಹಳ. ನಿಮ್ಮ 31,000ದಲ್ಲಿ ಯಾವ ತಿಂಗಳು ಎಷ್ಟು ಹೋಗುತ್ತದೆ ಅನ್ನುವ ಪಟ್ಟಿ ಖಾತೆಯ ಪುಟದಲ್ಲೇ ಇರುತ್ತದೆ, ನೋಡಿ.

ಟಿಕೆಟ್ ಮಾಡುವ ದಿನ ಮೈಲ್ಸ್ ಜೀವಂತ ಇದ್ದರೆ ಸಾಕು, ಹಾರುವ ದಿನ ಇರಬೇಕಿಲ್ಲ. ಮುಂದಿನ ತಿಂಗಳು ಸಾಯುವ ಮೈಲ್ಸಿನಲ್ಲಿ ಮುಂದಿನ ಮೇ ತಿಂಗಳ ಟಿಕೆಟ್ ಇವತ್ತೇ ಮಾಡಬಹುದು. ಆದರೆ ಆಮೇಲೆ ರದ್ದು ಮಾಡಿದರೆ ಅಷ್ಟರೊಳಗೆ ವಾಯಿದೆ ಮುಗಿದ ಮೈಲ್ಸ್ ವಾಪಸ್ ಬರುವುದಿಲ್ಲ.

ಇನ್ನೂ ಕೂಡಿಡೋಣ, ಮುಂದೆ ಒಮ್ಮೆ ಅಮೆರಿಕಕ್ಕೆ ಬಿಸಿನೆಸ್ ಕ್ಲಾಸ್ ಅಂತ ಕಾಯುವವರಿಗೆ ನಮ್ಮೂರಿನ ಉದಾಹರಣೆಯೇ ಇದೆ. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಕಿಂಗ್ ಕ್ಲಬ್ ಮೈಲ್ಸಿಗೆ ಹತ್ತಲು ವಿಮಾನವೇ ಇರಲಿಲ್ಲ. ಜೆಟ್ 2019ರ ಏಪ್ರಿಲ್ 17ರಂದು ನಿಂತಿತು. ಆದರೆ ಅದರ ಮೈಲ್ಸ್ ಪ್ರೋಗ್ರಾಮ್ ಜೆಟ್‌ಪ್ರಿವಿಲೇಜ್ ಬೇರೆ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿದಾಗ ಪಾಯಿಂಟುಗಳು ದಾಟಿಬಂದವು. ಮೂರು ಕಂಪನಿ, ಮೂರು ಗತಿ. ಕಂಪನಿ ಗಟ್ಟಿಯಾಗಿದ್ದರೂ ಮೈಲ್ಸಿನ ಪಟ್ಟಿಯನ್ನು ಅವರು ಯಾವಾಗ ಬೇಕಾದರೂ ಏರಿಸಬಹುದು, ಬಡ್ಡಿ ಮಾತ್ರ ಯಾವತ್ತೂ ಕೊಡುವುದಿಲ್ಲ.

ಮಹಾರಾಜ ಕ್ಲಬ್ಬಿನ 22,000ವನ್ನು ಟೋಕಿಯೊಗೆ ಜೋಡಿಸಲು ಹೋಗಬೇಡಿ. ದಸರಾ, ದೀಪಾವಳಿ ಆಸುಪಾಸು ಬೆಂಗಳೂರು–ದೆಹಲಿ ದರ ನೆತ್ತಿಗೇರಿರುತ್ತದೆ, ಆಗ ಸೀಟು ಕಂಡರೆ ಅಲ್ಲಿ ಮುಗಿಸಿ.

ಅಂದಹಾಗೆ ಸಿಂಗಾಪುರ ನೋಡಲೇಬೇಕೆಂದಿಲ್ಲದಿದ್ದರೆ, ಜಪಾನ್ ಏರ್‌ಲೈನ್ಸ್ ಬೆಂಗಳೂರಿನಿಂದ ಟೋಕಿಯೊದ ನರೀತಾಕ್ಕೆ ನೇರ ಹಾರುತ್ತದೆ. ಅದು ಒನ್‌ವರ್ಲ್ಡ್ ಕೂಟ. ಏವಿಯೋಸ್ ಕೊಟ್ಟು ಅದರಲ್ಲಿ ಸೀಟು ಪಡೆಯಬಹುದು, ಸರ್‌ಚಾರ್ಜ್ ಇರುತ್ತದೆ. ನಿಮ್ಮ ಬ್ಯಾಂಕ್ ಬ್ರಿಟಿಷ್ ಏರ್‌ವೇಸಿಗೋ ಕತಾರಿಗೋ ಪಾಯಿಂಟ್ ಕಳಿಸುತ್ತದೆಯೇ ನೋಡಿ, ಎರಡರ ಮೈಲ್ಸೂ ಏವಿಯೋಸೇ ಆದ್ದರಿಂದ ಅವೆರಡರ ನಡುವೆ ಮಾತ್ರ ಆಚೀಚೆ ಹೋಗುತ್ತದೆ.

---

ಕಿಟಕಿ_ಸೀಟು:

ಗುಂಪಿನಿಂದ ಹೊರಬಂದೆ. ಸಿಂಗಾಪುರ ಮಕ್ಕಳ ಬೇಡಿಕೆ, ಬಿಡುವ ಹಾಗಿಲ್ಲ. ಕನಿಷ್ಠ ಮೊತ್ತ ಕಳಿಸಿ ನೋಡಿದೆ, ಎರಡು ದಿನ ಹಿಡಿಯಿತು. ಕೊನೆಯ ಪ್ರಶ್ನೆ: ಮೈಲ್ಸ್ ಅಂಡ್ ಮೋರ್‌ನ 14,000 ಏನು ಮಾಡಲಿ, ಮತ್ತು ಮುಂದಿನ ಫ್ರಾಂಕ್‌ಫರ್ಟ್ ಪ್ರಯಾಣ ಯಾವುದಕ್ಕೆ ಹಾಕಲಿ?

---

ಗೇಟ್_27:

ಅಲ್ಲೂ 36 ತಿಂಗಳೇ ವಾಯಿದೆ, ಮೊದಲು ತಾರೀಖು ನೋಡಿಕೊಳ್ಳಿ. ಲುಫ್ತಾನ್ಸಾ ಟಿಕೆಟ್ ದರದ ಒಂದು ಭಾಗವನ್ನು ಮೈಲ್ಸಿನಲ್ಲಿ ಕಟ್ಟುವ ಕ್ಯಾಶ್ ಅಂಡ್ ಮೈಲ್ಸ್ ಅನ್ನುವ ಆಯ್ಕೆ ಇದೆ. ಬೆಲೆ ಕಡಿಮೆ ಕಟ್ಟುತ್ತಾರೆ, ಆದರೂ ಸತ್ತುಹೋಗುವುದಕ್ಕಿಂತ ವಾಸಿ. ಸ್ವಂತ ಖರ್ಚಿನ ಟಿಕೆಟ್ ಬಂದಾಗ ಅಲ್ಲಿ ಖಾಲಿ ಮಾಡಿ.

ಮುಂದಿನ ಪ್ರಯಾಣಕ್ಕೆ ಆಫೀಸಿನವರು ಟಿಕೆಟ್ ಕಳಿಸಿದ ದಿನವೇ ಎರಡು ಲೆಕ್ಕ ಹಾಕಿ. ಮೂಲ ದರಕ್ಕೆ ಏರ್‌ಲೈನಿನ ಸರ್‌ಚಾರ್ಜ್ ಸೇರಿಸಿ ಯೂರೊಗೆ ತಿರುಗಿಸಿ, ಕೆಳಗಿನ ಹಂತದ ಸದಸ್ಯರಿಗೆ ಯೂರೊಗೆ 4ರಂತೆ ಮೈಲ್ಸ್ ಅಂಡ್ ಮೋರ್ ಎಷ್ಟು ಕೊಡುತ್ತದೆ ನೋಡಿ. ಆಮೇಲೆ 9,200 ಮೈಲಿಯನ್ನು ನಿಮ್ಮ ಬುಕಿಂಗ್ ಅಕ್ಷರದ ಕ್ರಿಸ್‌ಫ್ಲೈಯರ್ ಶೇಕಡಾವಾರಿನಿಂದ ಗುಣಿಸಿ. ಅಕ್ಷರಕ್ಕೆ ಅರ್ಧ ಸಿಗುವುದಾದರೆ 4,600, ಕಾಲುಭಾಗ ಆದರೆ 2,300. ಮೈಲ್ಸ್ ಅಂಡ್ ಮೋರ್ ಇದರ ಎರಡರಷ್ಟು ಕೊಡದ ಹೊರತು ಕ್ರಿಸ್‌ಫ್ಲೈಯರ್‌ಗೇ ಹಾಕಿ, ಯಾಕೆಂದರೆ ನಿಮ್ಮ ಕಾರ್ಡ್ ಪಾಯಿಂಟ್ ಹೋಗಿ ಸೇರುವುದೂ ಅಲ್ಲಿಗೇ. ಪೋರ್ಟಲಿನ ಪ್ರೊಫೈಲ್ ಇವತ್ತೇ ತುಂಬಿ. ವರ್ಗಾವಣೆಗೆ ಎರಡು ದಿನ ಅಂದಿರಲ್ಲ, ಶನಿವಾರ ಭಾನುವಾರ ವರ್ಗಾವಣೆ ನಡೆಯದೆಯೂ ಇರಬಹುದು, ಆ ಮಂಗಳವಾರದ ಸೀಟು ಇನ್ನೂ ಇದ್ದರೆ ಸೋಮವಾರ ಬೆಳಿಗ್ಗೆ ಕಳಿಸಿ.